ಹಗ್ಗ ಯಾಕೆ ತುಂಡಾಯಿತು ಅಂತ ಮೊದಲು ಕೇಳಿ

ನವೆಂಬರ್ ಕೊನೆ ವಾರ ಬಂತೆಂದರೆ ಕ್ಲೈಂಬಿಂಗ್ ಗ್ರೂಪುಗಳಲ್ಲಿ ಅಮೆರಿಕದ ಕ್ಲೈಂಬರ್ ಡ್ಯಾನ್ ಆಸ್ಮನ್‌ನ ತಿಥಿ ಶುರು. ಈ ಸಲವೂ ತಪ್ಪಲಿಲ್ಲ. ಬೆಳಗಿನಿಂದ ಅದೇ ರೀಲು ಎಲ್ಲ ಕಡೆಯಿಂದಲೂ ಬಂದು ಬೀಳುತ್ತಿದೆ. ಉದ್ದ ಕೂದಲು ಹಾರಿಸಿಕೊಂಡು ಹಗ್ಗವಿಲ್ಲದೆ ಬಂಡೆಯ ಮೇಲೆ ಓಡುವ ಹುಡುಗ, ಹಿಂದೆ ಅಳು ಬರಿಸುವ ಪಿಯಾನೋ, ಇವನು ಈ ಲೋಕದವನೇ ಅಲ್ಲ ಎಂಬಂಥ ಒಂದು ಸಾಲು, ಕೆಳಗೆ ಹೃದಯಗಳ ಸುರಿಮಳೆ. ಬಿಲೇ ಮಾಡುವಾಗ, ಅಂದರೆ ಹತ್ತುವವನ ಹಗ್ಗವನ್ನು ಕೆಳಗೆ ನಿಂತು ಹಿಡಿಯುವಾಗ, ಯಾವ ಕೈ ಬಿಡಬಾರದು ಅಂತ ಇನ್ನೂ ಕಲಿಯುತ್ತಿರುವ ರಾಮನಗರದ ಹುಡುಗರೂ ‘ಲೆಜೆಂಡ್’ ಅಂತ ಬರೆದು ಕೈ ಮುಗಿದಿದ್ದಾರೆ.

ವಿಡಿಯೋ ಬಗ್ಗೆ ನನ್ನ ತಕರಾರಿಲ್ಲ. ಕ್ಯಾಲಿಫೋರ್ನಿಯಾದ ಲವರ್ಸ್ ಲೀಪ್‌ನಲ್ಲಿ ಬೇರ್ಸ್ ರೀಚ್ ಅನ್ನುವ ರೂಟು, ಸುಮಾರು 400 ಅಡಿ, 4 ನಿಮಿಷ 25 ಸೆಕೆಂಡು. ಗ್ರೇಡು 5.7, ಅಂದರೆ ಹಗ್ಗ ಕಟ್ಟಿಕೊಂಡರೆ ನಮ್ಮಲ್ಲಿ ಬಹಳ ಜನ ಹತ್ತಬಹುದಾದದ್ದೇ. ಆದರೆ ಹಗ್ಗವಿಲ್ಲದೆ, ಆ ವೇಗದಲ್ಲಿ, ನಡುವೆ ಎರಡೂ ಕೈ ಬಿಟ್ಟು ಮೇಲಿನ ಹೋಲ್ಡಿಗೆ ಜಿಗಿಯುವುದು ಬೇರೆಯೇ ಮಾತು. ನೂರು ಸಲ ನೋಡಿದರೂ ನನ್ನ ಅಂಗೈ ಬೆವರುತ್ತದೆ, ಒಪ್ಪಿಕೊಂಡೆ.

ತಕರಾರು ಇಷ್ಟೇ. ಆ ರೀಲು ಹಂಚಿದವರಲ್ಲಿ ಒಬ್ಬರಾದರೂ ಅವನು ಸತ್ತದ್ದು ಹೇಗೆ ಅಂತ ಬರೆದಿದ್ದಾರಾ? ಹಗ್ಗವಿಲ್ಲದೆ ಹತ್ತುವಾಗ ಬಿದ್ದ ಅಂತಲೇ ಅರ್ಧ ಜನ ತಿಳಿದಿದ್ದಾರೆ. ಅಲ್ಲ ಸ್ವಾಮಿ. ಅವನು ಸತ್ತಾಗ ಸೊಂಟಕ್ಕೆ ಹಾರ್ನೆಸ್ ಪಟ್ಟಿ ಇತ್ತು, ಹಗ್ಗವೂ ಇತ್ತು. ಆ ಹಗ್ಗ ತುಂಡಾಯಿತು.

ಯಾಕೆ ತುಂಡಾಯಿತು?

ಆಸ್ಮನ್ ಮಾಡುತ್ತಿದ್ದ ರೋಪ್ ಜಂಪಿಂಗ್ ಬಂಜೀ ಅಲ್ಲ, ಅದರಲ್ಲಿ ರಬ್ಬರ್ ಇಲ್ಲ. ನಾವು ಬಳಸುವಂಥ, ಬಿದ್ದಾಗ ಸ್ವಲ್ಪ ಹಿಗ್ಗುವ ಡೈನಮಿಕ್ ಹಗ್ಗಗಳನ್ನೇ ಒಂದಕ್ಕೊಂದು ಗಂಟು ಹಾಕಿ ಉದ್ದ ಮಾಡಿ, ಬಂಡೆಗೆ ಹಗ್ಗ ಬಿಗಿಯುವ ಆ್ಯಂಕರನ್ನು ಜಿಗಿಯುವ ಜಾಗದಿಂದ ದೂರಕ್ಕೆ ಇಟ್ಟು, ಬೀಳುವ ವೇಗವನ್ನು ತೂಗಾಟಕ್ಕೆ ತಿರುಗಿಸುವುದು. ಮೊದಲು ಸಣ್ಣ ಎತ್ತರ, ಆಮೇಲೆ ದೊಡ್ಡದು, ಹೀಗೆ ಹಂತ ಹಂತವಾಗಿ ಏರಿಸುತ್ತ ಹೋದವನು ಅವನು. 1998ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಪಾರ್ಕಿನ ಕಡಿದಾದ ಬಂಡೆ ಲೀನಿಂಗ್ ಟವರ್‌ನಲ್ಲಿ ಇಂಥದ್ದೊಂದನ್ನು ಕಟ್ಟಿದ. ನಡುವೆ ಹಳೆಯ ಟ್ರಾಫಿಕ್ ಕೇಸುಗಳು, ಅಮಾನತಾದ ಲೈಸೆನ್ಸು ಅಂತ ಪಾರ್ಕಿನ ರೇಂಜರುಗಳು ಹಿಡಿದು ಒಳಗೆ ಹಾಕಿದರು. ಹೊರಬಂದ ಮೇಲೆ ಅದನ್ನೆಲ್ಲ ಬಿಚ್ಚಲು ಹೋದವನು ಬಿಚ್ಚುವ ಬದಲು ಮತ್ತೆ ಜಿಗಿದ. ನವೆಂಬರ್ 23ರಂದು ಹಗ್ಗ ಇನ್ನಷ್ಟು ಉದ್ದ ಮಾಡಿ, ಜಿಗಿಯುವ ದಿಕ್ಕನ್ನೂ ಬದಲಿಸಿ, ಸಾವಿರ ಅಡಿಗೂ ಮೀರಿದ ಬೀಳಿಗೆ ಹೊರಟ. ವಯಸ್ಸು 35.

ಹಗ್ಗ ವಾರಗಟ್ಟಲೆ ಮಳೆ ಹಿಮದಲ್ಲಿ ನೆನೆದಿತ್ತು, ಅದಕ್ಕೇ ಹೋಯಿತು ಅನ್ನುವುದು ಸುಲಭದ ಉತ್ತರ. ನೆನೆದ ನೈಲಾನ್ ಬಲ ಕಳೆದುಕೊಳ್ಳುತ್ತದೆ, ಅದು ನಿಜವೇ. ಆದರೆ ಆಮೇಲೆ ಹಗ್ಗ ಪರೀಕ್ಷಿಸಿದವರು ಮುಖ್ಯ ಕಾರಣ ಅಂತ ಕಂಡುಕೊಂಡದ್ದು ಬೇರೆ. ಜಿಗಿಯುವ ಕೋನ ಬದಲಾದದ್ದರಿಂದ ಹಗ್ಗಗಳು ಒಂದರ ಮೇಲೊಂದು ಅಡ್ಡ ಬಂದು, ಉಜ್ಜಿ, ಕರಗಿ ಕಡಿದವು.

ಇದು ಕೈಗೆ ಸಿಗುವಂಥ ವಿಷಯ. ಒಂಟಿಯಾಗಿ ಬಳಸುವ ಸಿಂಗಲ್ ಹಗ್ಗಕ್ಕೆ ಯುರೋಪಿನ ಇಎನ್ 892 ಮಾನದಂಡದ ಪರೀಕ್ಷೆಯಲ್ಲಿ 80 ಕೆ.ಜಿ. ತೂಕವನ್ನು ಸುಮಾರು 1.77 ಫಾಲ್ ಫ್ಯಾಕ್ಟರಿನಲ್ಲಿ (ಬಿದ್ದ ದೂರವನ್ನು ಹಗ್ಗದ ಉದ್ದದಿಂದ ಭಾಗಿಸಿದ ಲೆಕ್ಕ) ಬೀಳಿಸುತ್ತಾರೆ. ಹಗ್ಗ ಕನಿಷ್ಠ 5 ಬೀಳು ತಡೆಯಬೇಕು, ಮೊದಲ ಬೀಳಿನ ಎಳೆತ 12 ಕಿಲೋನ್ಯೂಟನ್ ದಾಟಬಾರದು. ಎಲ್ಲ ಸರಿ, ಆದರೆ ಹಗ್ಗದ ಮೇಲೆ ಹಗ್ಗ ಉಜ್ಜಿದರೆ ಏನಾಗುತ್ತದೆ ಅಂತ ಆ ಪರೀಕ್ಷೆ ಕೇಳುವುದೇ ಇಲ್ಲ. ಓಡುವ ಹಗ್ಗದ ಬಿಸಿ ಅದರ ಉದ್ದಕ್ಕೂ ಹಂಚಿಹೋಗುತ್ತದೆ. ನಿಂತ ಹಗ್ಗದಲ್ಲಿ ಮಾತ್ರ ಒಂದೇ ಜಾಗ ಮತ್ತೆ ಮತ್ತೆ ಉಜ್ಜಿಸಿಕೊಂಡು ಬಿಸಿಯೇರುತ್ತದೆ. ನೈಲಾನ್ ಕರಗಲು ಸುಮಾರು 220 ಡಿಗ್ರಿ ಸಾಕು. ಲೋಹಕ್ಕೆ ಕೊಡುವ ಮರ್ಯಾದೆಯನ್ನು ನೈಲಾನಿಗೆ ಕೊಡಬಾರದು.

ಇದು ನಮಗೂ ಯೊಸೆಮಿಟಿಗೂ ಸಂಬಂಧವಿಲ್ಲದ್ದು ಅಂದುಕೊಂಡಿರಾ? ಟಾಪ್ ರೋಪ್ (ಮೇಲಿನ ಆ್ಯಂಕರಿನಿಂದ ಇಳಿಬಿಟ್ಟ ಹಗ್ಗ) ಹಾಕುವಾಗ ಕ್ಯಾರಬೈನರ್ ಅನ್ನುವ ಲೋಹದ ಕೊಂಡಿ ಉಳಿಸಲು ಹೋಗಿ ಹಗ್ಗವನ್ನು ಸೀದಾ ಸ್ಲಿಂಗ್ ಅನ್ನುವ ನೈಲಾನ್ ಪಟ್ಟಿಯೊಳಗೆ ತೂರಿಸುವವರನ್ನು ಕೇಳಿ. ಒಬ್ಬನನ್ನು ಕೆಳಗಿಳಿಸುವಾಗ ಹಗ್ಗ ಓಡುತ್ತದೆ, ಸ್ಲಿಂಗ್ ನಿಂತಿರುತ್ತದೆ. ಆಸ್ಮನ್‌ನನ್ನು ಕೊಂದದ್ದೂ ಇಂಥದ್ದೇ ಉಜ್ಜಾಟ. ನೈಲಾನ್ ಮೇಲೆ ನೈಲಾನ್ ಓಡಕೂಡದು, ನಡುವೆ ಲೋಹ ಇರಲೇಬೇಕು. ಟಾಪ್ ರೋಪ್ ಆದರೆ ಎರಡು ಕ್ಯಾರಬೈನರ್, ಅವುಗಳ ತೆರೆಯುವ ಗೇಟುಗಳು ಎದುರುಬದುರಾಗಿ.

ಆದರೆ ರೀಲಿನಲ್ಲಿ ಇದು ಯಾಕೆ ಬರುತ್ತದೆ? ಅಲ್ಲಿ ಬರುವುದು ಅವನ ಸಾಲ, ಅವನ ಜೈಲು, ಅವನೊಳಗಿನ ಭಯ, ಆ ಭಯವನ್ನು ಗೆಲ್ಲಲು ಬೇಕೆಂದೇ ಬೀಳುತ್ತಿದ್ದ ಅನ್ನುವ ಮಾತು. ನೋವೇ ಹಗ್ಗ ಕಡಿಯಿತು ಅನ್ನುವ ಹಾಗೆ! ಜೈಲಿಗೂ ಹಗ್ಗಕ್ಕೂ ಇರುವ ನಂಟು ಒಂದೇ. ಕಟ್ಟಿದವನು ಒಳಗಿದ್ದಷ್ಟು ದಿನ ಹಗ್ಗ ಹೊರಗೆ ನೆನೆಯಿತು. ಉಳಿದದ್ದೆಲ್ಲ ನಾವು ಸೇರಿಸಿದ ಮಸಾಲೆ. ನನಗೆ ಮೈ ಉರಿಯುವುದು ಇಲ್ಲೇ. ಕಷ್ಟದಲ್ಲಿದ್ದ ಪ್ರತಿಭಾವಂತ ಸತ್ತರೆ ಅದನ್ನು ಹಣೆಬರಹ ಮಾಡಿಬಿಡುತ್ತೇವೆ. ಹಣೆಬರಹವಾದ ಮೇಲೆ ಗಂಟು, ಕೋನ, ಘರ್ಷಣೆ ಯಾರಿಗೆ ಬೇಕು? ಲೆಕ್ಕ ಹಾಕಿ ಹಗ್ಗ ಕಟ್ಟುತ್ತಿದ್ದ ಕುಶಲಿಯನ್ನು ಬರೀ ಹುಚ್ಚನನ್ನಾಗಿ ಮಾಡಿ ಪೂಜಿಸುವುದು ಅವನಿಗೇ ಮಾಡುವ ಅವಮಾನ.

ಕೆನಡಾದ ಕ್ಲೈಂಬರ್ ಮಾರ್ಕ್-ಆಂದ್ರೆ ಲೆಕ್ಲೇರ್ ವಿಷಯದಲ್ಲೂ ಅಷ್ಟೇ. ಫೋನು ಇಟ್ಟುಕೊಳ್ಳದ, ಕ್ಯಾಮೆರಾಗೆ ಸಿಗದ, ಹದಿವಯಸ್ಸಿನಲ್ಲಿ ಡ್ರಗ್ಸ್ ಸುಳಿಗೆ ಬಿದ್ದು ಎದ್ದ ಹುಡುಗ. 2018ರ ಮಾರ್ಚ್‌ನಲ್ಲಿ ಅಲಾಸ್ಕಾದ ಮೆಂಡನ್‌ಹಾಲ್ ಟವರ್ಸ್‌ನಲ್ಲಿ ಹೊಸ ದಾರಿ ಹತ್ತಿ, ಹಿಂತಿರುಗಿ ಬರಲಿಲ್ಲ. ಆಗ ಅವನಿಗೆ 25. ಆಮೇಲೆ ಅವನ ಮೇಲೆ ಸಿನಿಮಾ ಬಂತು, ಹುಡುಗರು ಗೋಡೆ ಮೇಲೆ ಅವನ ಚಿತ್ರ ಅಂಟಿಸಿಕೊಂಡರು. ಸರಿ, ಅವನ ಜೊತೆ ಅದೇ ಬೆಟ್ಟ ಹತ್ತಿ ಅಲ್ಲೇ ಸತ್ತ ಇನ್ನೊಬ್ಬನ ಹೆಸರು ಹೇಳಿ ನೋಡೋಣ? ರಾಯನ್ ಜಾನ್ಸನ್, 34 ವರ್ಷ, ಪಕ್ಕದ ಜೂನೋ ಊರಿನವನೇ, ಪುಟ್ಟ ಮಗನಿದ್ದ ಅಪ್ಪ. ಬೆಟ್ಟ ಇಬ್ಬರನ್ನೂ ಒಂದೇ ಥರ ನೋಡಿಕೊಂಡಿತು. ನಾವು ಮಾತ್ರ ಕಥೆಗೆ ಹೊಂದುವವನನ್ನು ಆರಿಸಿಕೊಂಡೆವು.

ಇಲ್ಲಿಗೆ ಬಂದಾಗ ಯಾರಾದರೂ ಎದ್ದು ನಿಂತು, ಅಂಥ ಹುಚ್ಚರಿಲ್ಲದಿದ್ದರೆ ಈ ಕ್ರೀಡೆ ಮುಂದೆ ಹೋಗುತ್ತಿತ್ತಾ ಅಂತ ಕೇಳೇ ಕೇಳುತ್ತಾರೆ. ಹೋಗುತ್ತಿತ್ತು, ಹೋಗಿದೆ ಕೂಡ. ಯೊಸೆಮಿಟಿಯ ದೈತ್ಯ ಬಂಡೆ ಎಲ್ ಕ್ಯಾಪಿಟನ್‌ನ ನೋಸ್ ರೂಟನ್ನು 1993ರಲ್ಲಿ ಮೊದಲು ಫ್ರೀ ಕ್ಲೈಂಬ್ (ಬಿದ್ದರೆ ಹಿಡಿಯಲು ಮಾತ್ರ ಹಗ್ಗ, ಹತ್ತುವುದು ಕೈಕಾಲಲ್ಲೇ) ಮಾಡಿದ್ದು ಲಿನ್ ಹಿಲ್, ಮರುವರ್ಷ ಅದನ್ನೇ ಒಂದು ದಿನದೊಳಗೆ ಮುಗಿಸಿದ್ದೂ ಆಕೆಯೇ. 2017ರಲ್ಲಿ ಹಗ್ಗವಿಲ್ಲದೆ ಅದೇ ಬಂಡೆಯ ಫ್ರೀರೈಡರ್ ರೂಟು ಹತ್ತಿದ ಅಲೆಕ್ಸ್ ಹೊನಾಲ್ಡ್, ಅದಕ್ಕೆ ಮೊದಲು ವರ್ಷಕ್ಕೂ ಮೇಲೆ ಹಗ್ಗದಲ್ಲಿ ನೇತಾಡಿಕೊಂಡು ಒಂದೊಂದು ಮೂವ್ ಬಾಯಿಪಾಠ ಮಾಡಿದ್ದ. 2016ರಲ್ಲಿ ಸರಿಯೆನಿಸದೆ ಅರ್ಧಕ್ಕೆ ಬಿಟ್ಟು ಬಂದಿದ್ದ ಕೂಡ. ಬಿಟ್ಟು ಬಂದದ್ದಕ್ಕೆ ಯಾರೂ ರೀಲು ಮಾಡುವುದಿಲ್ಲ ಬಿಡಿ.

ಲಿನ್ ಹಿಲ್ ಕಥೆಯಲ್ಲೇ ಇನ್ನೊಂದು ತುಣುಕಿದೆ. 1989ರಲ್ಲಿ ಫ್ರಾನ್ಸಿನ ಬ್ಯೂಕ್ಸ್‌ನಲ್ಲಿ ಹಗ್ಗವನ್ನು ಹಾರ್ನೆಸ್ಸಿಗೆ ತೂರಿಸಿ, ಗಂಟು ಪೂರ್ತಿ ಮಾಡುವ ಮೊದಲೇ ಶೂ ಹಾಕಿಕೊಳ್ಳಲು ಹೋದಳು. ಅರ್ಧ ಗಂಟನ್ನು ಜಾಕೆಟ್ ಮುಚ್ಚಿತು. ಮೇಲೆ ಹೋಗಿ ಹಗ್ಗಕ್ಕೆ ಭಾರ ಬಿಟ್ಟಾಗ ಸುಮಾರು 22 ಮೀಟರ್ ಕೆಳಗೆ ಬಿದ್ದಳು. ಮರವೊಂದು ಅಡ್ಡ ಬಂದು ಉಳಿದಳು. ಜಗತ್ತಿನ ಅತ್ಯುತ್ತಮ ಕ್ಲೈಂಬರ್, ಅರ್ಧ ಗಂಟು! ಆ ದಿನ ಸತ್ತಿದ್ದರೆ ಪಿಯಾನೋ ಸಿಗುತ್ತಿತ್ತೇನೋ. ಬದುಕಿ, ತಪ್ಪು ಒಪ್ಪಿಕೊಂಡು, ವಯಸ್ಸಾಗುತ್ತ ಹೋದವರು ನಮಗೆ ಬೋರು.

ಇನ್ನು ಇದೇ ವಾರದ ಇನ್ನೊಂದು ತಿಥಿ. 2019ರ ನವೆಂಬರ್ 27, ಮೆಕ್ಸಿಕೋದ ಎಲ್ ಪೊಟ್ರೆರೊ ಚಿಕೊ, ಅಮೆರಿಕದ ಕ್ಲೈಂಬರ್ ಬ್ರಾಡ್ ಗೋಬ್ರೈಟ್, 31 ವರ್ಷ. ಎರಡು ವರ್ಷ ಮೊದಲು ಜಿಮ್ ರೆನಾಲ್ಡ್ಸ್ ಜೊತೆ ನೋಸ್ ರೂಟನ್ನು 2 ಗಂಟೆ 19 ನಿಮಿಷದಲ್ಲಿ ಹತ್ತಿ ದಾಖಲೆ ಮಾಡಿದ್ದವನು. ಹಗ್ಗವಿಲ್ಲದೆ ಸೋಲೋ ಕೂಡ ಮಾಡುತ್ತಿದ್ದ. ಇವನಿಗೆ ರೀಲಿಲ್ಲ. ಯಾಕೆಂದರೆ ಇವನು ನಗುನಗುತ್ತ ಓಡಾಡುತ್ತಿದ್ದ ಹುಡುಗ, ಮತ್ತು ಸತ್ತದ್ದು ಇಳಿಯುವಾಗ. 80 ಮೀಟರ್ ಹಗ್ಗ, ಇಬ್ಬರೂ ಒಟ್ಟಿಗೆ, ಒಬ್ಬೊಬ್ಬರು ಒಂದೊಂದು ಎಳೆಯಲ್ಲಿ, ಹಗ್ಗದ ಮೇಲೆ ಇಳಿಯುವ ರ‍್ಯಾಪೆಲ್ ಮಾಡುತ್ತಿದ್ದರು. ಹಗ್ಗದ ನಡುಭಾಗ ಆ್ಯಂಕರಿನಲ್ಲಿರಲಿಲ್ಲ. ತುದಿಗಳಲ್ಲಿ ಗಂಟು ಇರಲಿಲ್ಲ. ಅವನ ಕಡೆಯ ಎಳೆ ಮೊದಲು ಮುಗಿದುಹೋಯಿತು, ತುದಿ ಹಾರ್ನೆಸ್ಸಿನ ಇಳಿಯುವ ಡಿವೈಸಿನಿಂದ ಜಾರಿತು. ಇಬ್ಬರ ತೂಕ ಒಂದನ್ನೊಂದು ಹಿಡಿದಿಡುವ ವ್ಯವಸ್ಥೆ ಅದು, ಒಬ್ಬ ಕಳಚಿದರೆ ಇನ್ನೊಬ್ಬನೂ ಕೆಳಕ್ಕೆ. ಜೊತೆಗಿದ್ದವನು ಬಂಡೆಯ ಅಂಚೊಂದರ ಮೇಲೆ ಬಿದ್ದು ಉಳಿದ.

ಇದರಲ್ಲಿ ಕವಿತೆ ಬರೆಯುವಂಥದ್ದು ಏನೂ ಇಲ್ಲ. ಎರಡು ಗಂಟು, ಅಷ್ಟೇ. ಆದ್ದರಿಂದ ರೀಲು ಮಾಡುವವರು ಬಿಟ್ಟದ್ದನ್ನು ನಾನೇ ಬರೆಯುತ್ತೇನೆ. ಎರಡೂ ತುದಿಗೆ ಬೇರೆ ಬೇರೆ ಗಂಟು ಹಾಕಿ, ಒಟ್ಟಿಗೆ ಸೇರಿಸಿ ಒಂದೇ ಗಂಟು ಬೇಡ, ಹಗ್ಗ ತಿರುಚಿಕೊಳ್ಳುತ್ತದೆ. ಮೂರು ಸುತ್ತಿನ ಬ್ಯಾರಲ್ ಗಂಟು ಒಳ್ಳೆಯದು, ಒಂದಡಿ ಬಾಲ ಬಿಡಿ. ನಡುವಿನ ಗುರುತು ಮಾಸಿದ್ದರೆ ಎರಡೂ ತುದಿ ಕೈಯಲ್ಲಿ ಹಿಡಿದು ಜೋಡಿಯಾಗಿ ಅಳೆದು ನಡು ಹುಡುಕಿ. ಡಿವೈಸಿನ ಕೆಳಗೆ 6 ಎಂ.ಎಂ. ಕಾರ್ಡಿನ ಪ್ರೂಸಿಕ್ (ಕೈ ಬಿಟ್ಟರೂ ಹಗ್ಗವನ್ನು ಕಚ್ಚಿ ಹಿಡಿಯುವ ಗಂಟು) ಇರಲಿ. ಭಾರ ಪೂರ್ತಿ ಹಗ್ಗಕ್ಕೆ ಬಿಟ್ಟು, ಎಲ್ಲ ಹಿಡಿದಿದೆ ಅಂತ ನೋಡಿದ ಮೇಲೆಯೇ ಆ್ಯಂಕರಿನ ಸ್ಲಿಂಗ್ ಬಿಚ್ಚಿ. ಇಬ್ಬರೂ ಒಟ್ಟಿಗೆ ಇಳಿಯುವ ಶೋಕಿ ಬೇಡ, ಒಬ್ಬರಾದ ಮೇಲೆ ಒಬ್ಬರು ಇಳಿದರೆ ಏನೂ ಮುಳುಗಿಹೋಗುವುದಿಲ್ಲ.

ಇಳಿದಾದ ಮೇಲೆ ತುದಿಯ ಗಂಟು ಬಿಚ್ಚಲು ಮರೆತು ಹಗ್ಗ ಎಳೆದರೆ ಮೇಲೆ ಸಿಕ್ಕಿಹಾಕಿಕೊಳ್ಳುತ್ತದಲ್ಲ ಅಂತ ವಾದಕ್ಕೆ ಬರುವವರು ಇಲ್ಲೂ ಇದ್ದಾರೆ, ಕಾಮೆಂಟಿನಲ್ಲಿ ಬಂದೇ ಬರುತ್ತಾರೆ. ಹೌದು, ಸಿಕ್ಕಿಹಾಕಿಕೊಳ್ಳುತ್ತದೆ. ಅರ್ಧ ದಿನ ಹಾಳಾಗುತ್ತದೆ. ಹಾಳಾಗಲಿ.