ಆರು ತಿಂಗಳ ಕೆಂಪು ದೀಪ

ನಮ್ಮನೆ ಫ್ರಿಡ್ಜಿನ ಬಾಗಿಲ ಮೇಲೆ ಒಂದು ಪುಟ್ಟ ದೀಪ ಇದೆ. ಒಳಗಿನ ನೀರಿನ ಫಿಲ್ಟರ್ ಬದಲಾಯಿಸಿ ಅಂತ ಎರಡು ತಿಂಗಳಿಂದ ಅದು ಕೆಂಪಗೆ ಉರಿಯುತ್ತಿತ್ತು. ನಾನು ನೋಡಿಯೂ ನೋಡದವನ ಹಾಗೆ ಓಡಾಡಿಕೊಂಡಿದ್ದೆ. ಸ್ಕೂಟರಿನ ಪೆಟ್ರೋಲ್ ಮುಳ್ಳು ಕೆಂಪಿಗೆ ಬಂದರೂ ಇನ್ನೊಂದು ದಿನ ಓಡಿಸುವ ಜನ ನಾವು. ಈ ದೀಪಕ್ಕೆಲ್ಲಾ ಹೆದರುತ್ತೇವಾ?

ಫ್ರಿಡ್ಜು ನಾವು ಕೊಂಡದ್ದಲ್ಲ. ಬೆಂಗಳೂರಿನಲ್ಲಿದ್ದ ತಂಗಿ ದೇಶ ಬಿಟ್ಟು ಹೋಗುವಾಗ ಲಾರಿಗೆ ಹಾಕಿ ಚಿತ್ರದುರ್ಗಕ್ಕೆ ಕಳಿಸಿದ್ದು. ಬೀರುವಿನಷ್ಟು ಅಗಲ, ಎರಡು ಬಾಗಿಲು. ಒಂದು ಬಾಗಿಲಲ್ಲೇ ನಲ್ಲಿ. ಲೋಟ ಒತ್ತಿದರೆ ತಣ್ಣೀರು. ಪ್ಲಂಬರ್ ಬಂದು ಟ್ಯಾಂಕಿನ ಪೈಪಿಗೆ ಬೆರಳು ದಪ್ಪದ ಬಿಳಿ ಪೈಪು ಸೇರಿಸಿದ. ನೀರು ರಭಸವಾಗಿ ಬರುತ್ತಿಲ್ಲ ಅಂತ ಒಂದು ಪುಟ್ಟ ಮೋಟರನ್ನೂ ಕೂರಿಸಿದ. ಅವ್ವ ಎಲ್ಲಾ ನೋಡಿ, "ಬಾಗಿಲಿಗೆ ನಲ್ಲಿ ಇಡೋರನ್ನ ಇವತ್ತೇ ನೋಡಿದ್ದು" ಅಂದು ತನ್ನ ಹೂಜಿಯ ನೀರು ಕುಡಿದಳು.

ನೀರಿನ ವಿಷಯದಲ್ಲಿ ಅವ್ವನ ನಾಲಿಗೆ ಅಂದರೆ ಮನೆಯ ಲ್ಯಾಬು. ಒಂದು ಗುಟುಕು ಬಾಯಲ್ಲಿ ಆಡಿಸಿ, ಇದು ಸೂಳೆಕೆರೆ ನೀರು, ಇದಕ್ಕೆ ಬೋರಿನ ನೀರು ಬೆರೆಸಿದ್ದಾರೆ ಅನ್ನುತ್ತಾಳೆ. ಅನುಮಾನ ಬಂದರೆ ತೊಗರಿಬೇಳೆ ಬೇಯಲು ಇಟ್ಟು ನೋಡುತ್ತಾಳೆ. ಎಷ್ಟು ಕುದಿಸಿದರೂ ಬೇಳೆ ಕರಗದಿದ್ದರೆ ನೀರು ಗಡಸು. ಅದಕ್ಕೆ ಮೇಲ್ಮನವಿ ಇಲ್ಲ. ವಾಣಿವಿಲಾಸ ಸಾಗರ 1933ರ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆವಾಗ ಹಿರಿಯೂರಿಗೆ ಕರೆದುಕೊಂಡು ಹೋಗಿದ್ದೆವು. ಎಂಬತ್ತೊಂಬತ್ತು ವರ್ಷಕ್ಕೆ ತುಂಬಿ ಹರಿಯೋ ನೀರನ್ನು ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ಅವ್ವನದು ಒಂದೇ ಮಾತು: "ಕೆಂಪಗಿದೆ, ಪಟಿಕ ಆಡಿಸ್ಬೇಕು."

ಫ್ರಿಡ್ಜಿನ ದೀಪಕ್ಕೆ ಈ ರುಚಿ ಗಿಚಿ ಏನೂ ಗೊತ್ತಿಲ್ಲ. ನಮ್ಮದು ಬರೀ ದಿನ ಎಣಿಸುತ್ತದೆ. ಆರು ತಿಂಗಳಾಯಿತಾ, ಕೆಂಪು. ನಾವು ವಾರಕ್ಕೊಂದು ಲೋಟ ಕುಡಿದಿದ್ದರೂ ಅಷ್ಟೇ, ಬೀದಿಗೆಲ್ಲಾ ಹಂಚಿದ್ದರೂ ಅಷ್ಟೇ. ಹಾಲಿನವನ ಲೆಕ್ಕದ ಹಾಗೆ, ತಿಂಗಳು ತುಂಬಿದರೆ ಬಾಗಿಲಿಗೆ ಬಂದು ನಿಲ್ಲುವುದು.

ಹಾಗಂತ ಅವ್ವನ ನಾಲಿಗೆಯನ್ನೇ ಪೂರ್ತಿ ನಂಬುವ ಹಾಗೂ ಇಲ್ಲ. ನಮ್ಮ ಜಿಲ್ಲೆಯ ಎಷ್ಟೋ ಬೋರುಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು ಅನ್ನುತ್ತಾರೆ. ದಾಟಿದ್ದು ತಿಳಿಯುವುದು ಹೇಗೆ? ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ದೊಡ್ಡಪ್ಪ ಹುಟ್ಟಿ ಬೆಳೆದ ಹಳ್ಳಿಯ ನೀರು ಸಕ್ಕರೆ ಇದ್ದ ಹಾಗೆ ಅಂತ ಊರೆಲ್ಲಾ ಹೊಗಳುತ್ತಿತ್ತು. ದೊಡ್ಡಪ್ಪ ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ. ಚಿಕ್ಕವನಾಗಿದ್ದಾಗ ಅದು ಎಲೆ ಅಡಿಕೆಯ ಕಲೆ ಅಂದುಕೊಂಡಿದ್ದೆ. ಅವರು ಎಲೆ ಅಡಿಕೆ ಮುಟ್ಟಿದವರೇ ಅಲ್ಲ. ಫ್ರಿಡ್ಜಿನ ಫಿಲ್ಟರಿಗೂ ಇದು ಸಿಗುವುದಿಲ್ಲ ಬಿಡಿ. ಉಪ್ಪು, ಗಡಸು, ಫ್ಲೋರೈಡ್ ಎಲ್ಲಾ ಅದರೊಳಗಿಂದ ಆರಾಮಾಗಿ ದಾಟಿಕೊಂಡು ಬರುತ್ತವೆ. ಅದಕ್ಕೆ ನೀರನ್ನು ಪೊರೆಯಲ್ಲಿ ಒತ್ತಿ ಸೋಸುವ ಆರ್‌ಓ ಥರದ್ದು ಬೇಕು. ಹಳ್ಳಿಗಳಲ್ಲಿ ಜನ ನಾಣ್ಯ ಹಾಕಿ ಇಪ್ಪತ್ತು ಲೀಟರ್ ಕ್ಯಾನು ತುಂಬಿಸಿಕೊಂಡು ಬೈಕಿನ ಮೇಲೆ ತರುವುದು ಸುಮ್ನೆ ಅಲ್ಲ.

ಮತ್ತೆ ಈ ಫಿಲ್ಟರು ಮಾಡುವುದಾದರೂ ಏನು? ಒಳಗಿರುವುದು ಇದ್ದಿಲು. ಕ್ಲೋರಿನ್ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಜೊತೆಗೆ ಒಂದಿಷ್ಟು ಕಸ. ಈ ಇದ್ದಿಲನ್ನು ತೆಂಗಿನ ಚಿಪ್ಪಿನಿಂದಲೂ ಮಾಡುತ್ತಾರಂತೆ. ಓದಿದಾಗ ನಗು ಬಂತು. ಹೊಸದುರ್ಗದ ಕಡೆ ರಾಶಿ ರಾಶಿ ಬಿದ್ದಿರುವ ಚಿಪ್ಪು, ನಾವು ಹಂಡೆ ಒಲೆಗೆ ತುರುಕುವ ಚಿಪ್ಪು! ಅದನ್ನು ಹದವಾಗಿ ಸುಟ್ಟು, ಆವಿ ಹಾಯಿಸಿ, ಒಳಗೆಲ್ಲಾ ಕಣ್ಣಿಗೆ ಕಾಣದ ತೂತು ಮಾಡಿರುತ್ತಾರೆ. ಆ ತೂತುಗಳ ಗೋಡೆಯನ್ನೆಲ್ಲಾ ಬಿಡಿಸಿ ಹಾಸಿದರೆ ಒಂದೇ ಗ್ರಾಮಿಗೆ ಸುಮಾರು ಸಾವಿರ ಚದರ ಮೀಟರ್ ಆಗುತ್ತದೆ. ಅಂದರೆ ಥರ್ಟಿ ಫಾರ್ಟಿ ಸೈಟು ಒಂಬತ್ತು. ಚಿಟಿಕೆ ಮಸಿಯಲ್ಲಿ ಒಂಬತ್ತು ಸೈಟು! ನಾನು ಒಂದಕ್ಕೇ ಇಪ್ಪತ್ತು ವರ್ಷ ಸಾಲ ಕಟ್ಟಿದ್ದೇನೆ.

ಇಲ್ಲಿನ ಅಂಗಡಿಯಲ್ಲಿ ಫ್ರಿಡ್ಜಿನ ಫಿಲ್ಟರ್ ಕೇಳಿದರೆ ಸ್ಟೀಲ್ ಫಿಲ್ಟರಿನ ಬಿಳಿ ಕ್ಯಾಂಡಲ್ ತೆಗೆದುಕೊಟ್ಟರು. ಕೊನೆಗೆ ಮಗ ಮೊಬೈಲಿನಲ್ಲಿ ತರಿಸಿದ. ಇಪ್ಪತ್ತೈದು ಕೆಜಿ ಅಕ್ಕಿ ಚೀಲದ ದುಡ್ಡು. ಅವ್ವನಿಗೆ ಅದರ ಅರ್ಧ ಹೇಳಿದೆ.

ಭಾನುವಾರ ಬೆಳಿಗ್ಗೆ ಕೂತೆವು. ಒಳಗೆ, ಮೇಲಿನ ಬಲ ಮೂಲೆಯಲ್ಲಿ ಒಂದು ಮುಚ್ಚಳ. ತೆಗೆದು ಹಳೆಯ ಫಿಲ್ಟರನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದೆ. ಬರಲಿಲ್ಲ. ಒದ್ದೆ ಬಟ್ಟೆ ಸುತ್ತಿ ಹಿಡಿದು ತಿರುಗಿಸಿದಾಗ ಪಟ್ ಅಂತ ಕಿತ್ತು ಬಂದು ಒಂದು ಲೋಟದಷ್ಟು ನೀರನ್ನು ನನ್ನ ತೋಳಿನೊಳಗೆ ಸುರಿಯಿತು. ಹೊಸದು ಮಾತ್ರ ಬಲು ಸಲೀಸು. ಮೂತಿಯ ಟೋಪಿ ಕಿತ್ತು, ತೂರಿಸಿ, ಬಲಕ್ಕೆ ತಿರುಗಿಸಿದರೆ ಟಕ್.

ಜಗಳ ಆಮೇಲೆ ಶುರುವಾಯಿತು. ಮೊದಲ ಹತ್ತು ಹನ್ನೆರಡು ಲೀಟರ್ ನೀರು ಚೆಲ್ಲಬೇಕು ಅಂತ ಪುಸ್ತಕದಲ್ಲಿದೆ. "ಚೆಲ್ಲೋದಾ?" ಅಂದಳು ಅವ್ವ. ಅವಳ ಕಾಲಕ್ಕೆ ಅಷ್ಟು ನೀರು ಅಂದರೆ ಒಂದು ಕೊಡ, ಒಂದು ಸಲ ಬೀದಿ ನಲ್ಲಿಯ ಸಾಲು. ಕೋಟೆ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಹೊಂಡಕ್ಕೆ, ಹೀಗೆ ಮಳೆ ನೀರನ್ನು ಇಳಿಸಿಕೊಂಡ ಊರು ಇದು. ಅವ್ವ ಬಕೆಟ್ ತಂದಿಟ್ಟಳು. ಲೋಟ ಲೋಟವಾಗಿ ಹಿಡಿದೆವು. ಮೊದಲು ಗಾಳಿ ಸೇರಿ ಪುಸ್ ಪುಸ್ ಅಂತ ಚಿಮ್ಮಿತು. ಮೊದಲ ನಾಲ್ಕು ಲೋಟ ಕಾಡಿಗೆ ಕಲಸಿದ ಹಾಗೆ ಬೂದು ಬೂದು. ಇದ್ದಿಲ ಪುಡಿ ಅಷ್ಟೇ, ಏನೂ ಆಗಲ್ಲ ಅಂದೆ. ಅವ್ವ ಅದಕ್ಕೆ ಬೆರಳದ್ದಿ ನೋಡಿದಳು. "ಅಕ್ಕಿ ದುಡ್ಡು ಕೊಟ್ಟು ಮಸಿ ನೀರು ತಂದ್ಯಲ್ಲೋ." ನಾನು ಅರ್ಧ ದುಡ್ಡು ಹೇಳಿದ್ದು ಒಳ್ಳೆಯದೇ ಆಯಿತು.

ಬಕೆಟ್ ತುಂಬಿತು, ನೀರು ತಿಳಿಯಾಯಿತು. ದೀಪ ಮಾತ್ರ ಇನ್ನೂ ಕೆಂಪು. ಹೊಸದು ಬಂದಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಬಟನ್ ಒತ್ತಿ ಹಿಡಿದುಕೊಂಡೆ. ಒಂದು, ಎರಡು, ಮೂರು. ಹಸಿರಾಯಿತು.

ಅವ್ವ ಹತ್ತಿರ ಬಂದು ದೀಪ ನೋಡಿದಳು, ನನ್ನನ್ನು ನೋಡಿದಳು.

"ಅಲ್ವೋ, ಬಟನ್ ಒತ್ತಿದ್ರೆ ಹಸಿರಾಗೋದಾದ್ರೆ, ಎರಡು ತಿಂಗಳ ಹಿಂದೇನೇ ಒತ್ತಬಾರದಿತ್ತಾ?"

ನಾನು ಬಕೆಟ್ ಎತ್ತಿಕೊಂಡು ಹಿತ್ತಲಿನ ಕರಿಬೇವಿನ ಗಿಡದ ಕಡೆ ಹೊರಟೆ.