ಐದು ರೂಪಾಯಿ ನಿಲ್ಲಬೇಕು

ನಿನ್ನೆ ಬೆಳಗ್ಗೆ ನನ್ನ ಗ್ರೈಂಡರ್ ಮೇಜಿನ ಮೇಲೆ ನಡೆದುಕೊಂಡು ಬಂದು, ಕಾಫಿ ಲೋಟ ಬೀಳಿಸಿ, ಇನ್ನೂ ಮುಂದಕ್ಕೆ ಹೊರಟಿತ್ತು. ಪ್ಲಗ್ ಕಿತ್ತು ನಿಲ್ಲಿಸಿದೆ. ಬೋಲ್ಟ್ ಹಾಕಿ ಮೇಜಿಗೆ ಬಿಗಿಯಬಾರದಿತ್ತಾ ಅಂತೀರಾ? ಅದು ಊಟದ ಮೇಜು ಸ್ವಾಮಿ. ಮನೆಯಲ್ಲಿ ನಾನೊಬ್ಬನೇ ಇಲ್ಲ.

ಗ್ರೈಂಡರ್ ಅಂದಕೂಡಲೇ ನಿಮಗೆ ದೋಸೆ ಹಿಟ್ಟು ನೆನಪಾಗಿದ್ದರೆ ತಪ್ಪಿಲ್ಲ. ಡಬ್ಬ ಬಿಚ್ಚಿದಾಗ ನಮ್ಮಮ್ಮನೂ "ಅಕ್ಕಿ ಎಲ್ಲಿ ಹಾಕೋದು?" ಅಂತಲೇ ಕೇಳಿದ್ದರು. ಇದು ಬೆಂಚ್ ಗ್ರೈಂಡರ್. ನಡುವೆ ಮೋಟರ್, ಎರಡೂ ಕಡೆ ಒಂದೊಂದು ಆರಿಂಚಿನ ಸಾಣೆ ಚಕ್ರ. ಅಪ್ಪನ ಎರಡು ಹಳೆಯ ಉಳಿಗಳಿದ್ದವು. ಸಾಣೆ ಹಿಡಿದು ಅಮ್ಮನಿಗೆ ಕೂರಲು ಒಂದು ಮಣೆ ಮಾಡಿಕೊಡೋಣ ಅಂತ ಎಸ್.ಪಿ. ರಸ್ತೆಗೆ ಹೋಗಿ ಇದನ್ನು ಹೊತ್ತು ತಂದೆ. ತಿಂಗಳಾಯಿತು. ಮಣೆ ಇನ್ನೂ ಹಲಗೆಯಾಗಿಯೇ ಇದೆ.

ಮೊದಲ ದಿನ ಸ್ವಿಚ್ ಹಾಕಿದಾಗಲೇ ಮೇಜು ನಡುಗಿತು. ಅಡುಗೆಮನೆಯ ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ತಟ್ಟೆಗಳು ಮಂಗಳಾರತಿ ಹೊತ್ತಿನ ಜಾಗಟೆಯ ಹಾಗೆ ಬಾರಿಸಿಕೊಂಡವು. ಅಂಗಡಿಗೆ ಫೋನ್ ಮಾಡಿದರೆ, "ಓಡ್ತಾ ಓಡ್ತಾ ಸರಿಹೋಗುತ್ತೆ ಸಾರ್" ಎಂಬ ಉತ್ತರ. ಓಡುತ್ತಾ ಸರಿಹೋಗೋಕೆ ಇದೇನು ಹೊಸ ಚಪ್ಪಲಿಯಾ? ನಿಮಿಷಕ್ಕೆ ಸುಮಾರು 2800 ಸುತ್ತು. ಲೆಕ್ಕ ಹಾಕಿದರೆ ಚಕ್ರದ ಅಂಚು ಗಂಟೆಗೆ ಹತ್ತಿರ ಹತ್ತಿರ 80 ಕಿ.ಮೀ. ವೇಗದಲ್ಲಿ ತಿರುಗುತ್ತದೆ. ನಮ್ಮ ರಸ್ತೆಯಲ್ಲಿ ಅಷ್ಟು ಜೋರಾಗಿ ಓಡುವುದು ಬೇರೇನೂ ಇಲ್ಲ. ಆ ಓಟದಲ್ಲಿ ಚಕ್ರ ಕೂದಲೆಳೆಯಷ್ಟು ಓರೆಯಾದರೂ ಉಳಿ ಟಕಟಕ ಅಂತ ಕುಣಿಯುತ್ತದೆ. ಕುಣಿಯದಿರಲಿ ಅಂತ ಒತ್ತಿ ಹಿಡಿದರೆ ಕಾದು ನೀಲಿಯಾಗುತ್ತದೆ. ನೀಲಿ ಬಂತು ಅಂದರೆ ಉಕ್ಕಿನ ಹದ ಹೋಯಿತು ಅಂತಲೇ. ಅಪ್ಪನ ಅರ್ಧ ಇಂಚಿನ ಉಳಿಯ ತುದಿ ಈಗ ನವಿಲಿನ ಕತ್ತಿನ ಬಣ್ಣ.

ಆಗ ಬಂದರು ಪಕ್ಕದ ಮನೆ ಯಜಮಾನರು. ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದು ನಿವೃತ್ತರಾದವರು. ಅವರ ಅಂಗಿ ಜೇಬಿನಲ್ಲಿ ಸದಾ ಒಂದು ಹಳೆಯ ದಪ್ಪ ಐದು ರೂಪಾಯಿ ನಾಣ್ಯ ಇರುತ್ತದೆ. ಖರ್ಚಿಗಲ್ಲ. ಓಡುವ ಯಂತ್ರ ಯಾವುದು ಕಂಡರೂ ಅದರ ನೆತ್ತಿಯ ಮೇಲೆ ನಾಣ್ಯವನ್ನು ನೆಟ್ಟಗೆ ನಿಲ್ಲಿಸಿ ನೋಡುತ್ತಾರೆ. ನಿಂತರೆ ಯಂತ್ರ ಒಳ್ಳೆಯದು. ಬಿದ್ದರೆ ಅವಮಾನ ಯಂತ್ರಕ್ಕಲ್ಲ, ಅದನ್ನು ಕೊಂಡವನಿಗೆ. ನಮ್ಮ ಬೀದಿಯ ವಾಷಿಂಗ್ ಮೆಷಿನ್, ಮಿಕ್ಸಿ, ಬೋರ್‌ವೆಲ್ ಪಂಪಿನ ಪೆಟ್ಟಿಗೆ, ಎಲ್ಲದರ ಪರೀಕ್ಷೆಯೂ ಆಗಿದೆ. ಯಾರದೋ ಗೃಹಪ್ರವೇಶದಲ್ಲಿ ಫ್ರಿಜ್ಜಿನ ಮೇಲೆ ನಾಣ್ಯ ನಿಲ್ಲಿಸಿ, ಕಂಪ್ರೆಸರ್ ಶುರುವಾಗಲಿ ಅಂತ ಕಾದಿದ್ದರಂತೆ. ಎಲೆ ಹಾಕಿ, ಪಾಯಸ ಬಡಿಸಿ, ಮೂರು ಸಲ ಕರೆದರೂ ಊಟಕ್ಕೆ ಬರಲಿಲ್ಲವಂತೆ.

ನನ್ನ ಗ್ರೈಂಡರ್ ಮೇಲೆ ನಾಣ್ಯ ಬೀಳಲಿಲ್ಲ. ಹಾರಿತು. ಸೋಫಾದ ಕೆಳಗೆ ಹೋಗಿ ಸೇರಿತು. ಅವರು ಬಗ್ಗಿ ಹುಡುಕಿ ತೆಗೆದು, ಪಂಚೆಗೆ ಒರೆಸಿಕೊಂಡು, "ಹ್ಞೂಂ" ಅಂದರು. ಅಷ್ಟೇ. ಆ ಹ್ಞೂಂ ನನಗೆ ಹೊಸದಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡಿ ಅಪ್ಪ ಅಂದಿದ್ದೂ ಅದೇ.

"ಎರಡೂ ಚಕ್ರ ಬಿಚ್ಚಿ. ಬರೀ ಮೋಟರ್ ಓಡಿಸಿ ನೋಡೋಣ" ಅಂದರು. ಬಲಗಡೆಯದು ಬಂತು. ಎಡಗಡೆ ನಟ್ಟು ಜಪ್ಪಯ್ಯ ಅನ್ನಲಿಲ್ಲ. ಸ್ಪ್ಯಾನರ್ ಹಾಕಿ ಎಳೆದೆ, ಎಣ್ಣೆ ಬಿಟ್ಟೆ, ಮೇಜಿಗೆ ಕಾಲು ಕೊಟ್ಟು ಎಳೆದೆ. ಕಾಲು ಗಂಟೆ ಸುಮ್ನೆ ನೋಡುತ್ತಾ ಕೂತಿದ್ದವರು ಆಮೇಲೆ ಮೆಲ್ಲಗೆ ಅಂದರು: "ಆ ಕಡೆದು ಉಲ್ಟಾ ಥ್ರೆಡ್ಡು. ಚಕ್ರ ತಿರುಗೋವಾಗ ಸಡಿಲ ಆಗಬಾರದು ಅಂತ ಹಾಗೆ ಮಾಡಿರ್ತಾರೆ. ನೀವು ಇಷ್ಟು ಹೊತ್ತೂ ಬಿಗಿ ಮಾಡ್ತಾ ಇದ್ದೀರಿ."

ಮೊದಲೇ ಹೇಳಬಾರದಿತ್ತಾ?

"ನೀವು ಕೇಳಲಿಲ್ಲವಲ್ಲ."

ಚಕ್ರಗಳಿಲ್ಲದ ಮೋಟರ್ ಮೇಲೆ ನಾಣ್ಯ ಗೊಮ್ಮಟನ ಹಾಗೆ ನಿಂತಿತು. ಮೋಟರ್ ನಿರ್ದೋಷಿ. ಚಕ್ರದ ಹೊಟ್ಟೆಗೆ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ತಟ್ಟಿ, ಸಂತೆಯಲ್ಲಿ ಮಡಕೆ ಕೊಳ್ಳುವವರ ಹಾಗೆ ಕಿವಿಗೊಟ್ಟರು. ಠಣ್ ಅಂದರೆ ಸರಿ, ಡಬ್ ಅಂದರೆ ಒಳಗೆ ಬಿರುಕು, ಎಸೆಯಬೇಕು. ಅದೂ ಮಡಕೆಯ ಹಾಗೆ ಸುಟ್ಟು ಮಾಡಿದ್ದೇ ತಾನೆ. ಠಣ್ ಅಂತು. ಹಾಗಾದರೆ ಕಳ್ಳರು ಇನ್ನಿಬ್ಬರು: ಚಕ್ರದ ತೂತಿನಲ್ಲಿ ಲಟಪಟ ಅನ್ನುತ್ತಿದ್ದ ಬುಷ್ಷು ಎಂಬ ಪ್ಲಾಸ್ಟಿಕ್ ಬಳೆ, ಮತ್ತು ಚಕ್ರವನ್ನು ಎರಡೂ ಬದಿ ಹಿಡಿಯುವ, ಡಬ್ಬದ ಮುಚ್ಚಳದಂಥ ತಗಡಿನ ಬಿಲ್ಲೆಗಳು. ಬಿಲ್ಲೆ ಸೊಟ್ಟಗಿದ್ದರೆ ಚಕ್ರವೂ ಸೊಟ್ಟ.

ಆಮೇಲೆ ಶುರುವಾಯಿತು ನೋಡಿ ಭಾನುವಾರದ ವ್ರತ. ಪೆನ್ಸಿಲಿನಲ್ಲಿ ಗುರುತು ಹಾಕು, ಚಕ್ರವನ್ನು ಕಾಲು ಸುತ್ತು ತಿರುಗಿಸಿ ಕೂರಿಸು, ಬಿಗಿ ಮಾಡು, ಪಕ್ಕಕ್ಕೆ ಸರಿದು ನಿಂತು ಸ್ವಿಚ್ ಹಾಕು, ನಾಣ್ಯ ಇಡು, ಬಿತ್ತು, ಹ್ಞೂಂ. ಮೂರನೇ ವಾರ ಬಿಲ್ಲೆಯ ಸಂದಿಗೆ ತೆಳ್ಳನೆ ಕಾಗದದ ಚೂರು ಕೊಡಿ ಅಂದರು. ಕೈಗೆ ಸಿಕ್ಕಿದ್ದು ಕ್ಯಾಲೆಂಡರಿನ ಹಳೆಯ ಹಾಳೆ. ಹೋದ ತಿಂಗಳ ಹಾಲಿನ ಲೆಕ್ಕ ಅದರ ಮೇಲಿತ್ತು ಅಂತ ಹಾಲಿನವನು ಬಂದ ಮೇಲೆ ಗೊತ್ತಾಯಿತು. ಅವನು ಹೇಳಿದ್ದೇ ಲೆಕ್ಕ. ಹೆಂಡತಿ ಏನಂದಳು ಅಂತ ಬರೆಯುವುದಿಲ್ಲ.

ಓರೆ ಕಮ್ಮಿಯಾಯಿತು, ಆದರೆ ಚಕ್ರ ಪೂರ್ತಿ ಗುಂಡಗಿರಲಿಲ್ಲ. ಅದಕ್ಕೆ ವಜ್ರದ ತುದಿಯ ಡ್ರೆಸ್ಸರ್ ತಂದು, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಬಾಲ್ಕನಿಯಲ್ಲಿ ಕೂತು ಅಂಚು ಸವೆಸಿದೆ. ನಮ್ಮ ಮದುವೆಯ ಇಪ್ಪತ್ತು ವರ್ಷದಲ್ಲಿ ಹೆಂಡತಿಗೆ ಕೊಡಿಸದ ವಜ್ರ. ಒಣಹಾಕಿದ ಬಟ್ಟೆಗಳ ಮೇಲೆಲ್ಲ ರಂಗೋಲಿ ಪುಡಿ ಹಾರಿದಂತೆ ಧೂಳು.

ನಾನು ಚಿಕ್ಕವನಿದ್ದಾಗ ನಮ್ಮ ಬೀದಿಗೆ ಸಾಣೆಯವನು ಬರುತ್ತಿದ್ದ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕೂತು ಪೆಡಲ್ ತುಳಿದರೆ ಮುಂದಿದ್ದ ಸಾಣೆ ಚಕ್ರ ಸುಂಯ್ ಅಂತ ಒಂದೇ ಸಮ ಹಾಡುತ್ತಿತ್ತು. ಅಮ್ಮನ ಈಳಿಗೆಮಣೆಯಿಂದ ಕಿಡಿ ಹಾರುವುದನ್ನು ನೋಡಲು ನಾವು ಸುತ್ತ ನಿಲ್ಲುತ್ತಿದ್ದೆವು. ಹೆಬ್ಬೆರಳ ಉಗುರಿನ ಮೇಲೆ ಅಂಚು ಮುಟ್ಟಿಸಿ ನೋಡಿ, ನಗುತ್ತಾ ವಾಪಸ್ ಕೊಡುತ್ತಿದ್ದ. ಆ ಸೈಕಲ್ ಮೇಲೆ ನಾಣ್ಯ ನಿಲ್ಲುತ್ತಿತ್ತೋ ಇಲ್ಲವೋ, ಯಾರೂ ನೋಡಿರಲಿಲ್ಲ. ಕೊಟ್ಟ ನಾಣ್ಯವನ್ನು ಅವನು ಜೇಬಿಗೆ ಹಾಕಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದ.

ಹೋದ ಭಾನುವಾರ ಎಡಗಡೆ ಚಕ್ರ ಒಂದೇ ಓಡುವಾಗ ಐದು ರೂಪಾಯಿ ನಿಂತಿತು. ಹತ್ತು ಎಣಿಸುವವರೆಗೂ ನಿಂತಿತು. ನಾನು ಕೂಗಿದ ಕೂಗಿಗೆ ಕೆಳಗಿನ ಮನೆಯವರು ಮೇಲೆ ಬಂದರು. ಯಜಮಾನರು ನಾಣ್ಯ ಜೇಬಿಗಿಟ್ಟುಕೊಂಡು, "ಇನ್ನು ಬಲಗಡೆದು" ಅಂದರು.

ನಿನ್ನೆ ಅವರು ಊರಲ್ಲಿರಲಿಲ್ಲ. ಬಲಗಡೆ ಚಕ್ರವನ್ನು ನಾನೇ ಹಾಕಿ ಸ್ವಿಚ್ ಒತ್ತಿದೆ. ಕಾಫಿ ಕಥೆ ಆಗಲೇ ಹೇಳಿದೆನಲ್ಲ. ಬಗ್ಗಿ ನೆಲ ಒರೆಸುವಾಗ ಕಣ್ಣಿಗೆ ಬಿತ್ತು: ಬಾಲ್ಕನಿಯಲ್ಲಿ ಅಮ್ಮ ಆ ಹಲಗೆಯನ್ನೇ ಎರಡು ಇಟ್ಟಿಗೆಗಳ ಮೇಲಿಟ್ಟು, ಅದರ ಮೇಲೆ ಆರಾಮಾಗಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.