ಲೂಪ್ ಡಯಾಗ್ರಾಮ್‌ಗೆ ಒಂದೇ ಗೆರೆ ಸಾಕಾ? ಒಂದು ಸ್ಪಷ್ಟನೆ

ಹೊಸೂರಿನ ನಮ್ಮ ಇನ್‌ಸ್ಟ್ರುಮೆಂಟೇಶನ್ ಹುಡುಗರ ನಡುವೆ ಒಂದು ಮಾತು ಓಡಾಡುತ್ತಿದೆ: ಲೂಪ್ ಡಯಾಗ್ರಾಮ್‌ನಲ್ಲಿ (ಒಂದು ಅಳತೆ-ನಿಯಂತ್ರಣ ಸರಣಿಯ ವೈರಿಂಗ್ ತೋರಿಸುವ ನಕ್ಷೆ) ಟರ್ಮಿನಲ್ ನಂಬರ್ (ವೈರ್ ಸೇರುವ ಜಾಗದ ಸಂಖ್ಯೆ) ಬೇಡ, ಅಳತೆಯನ್ನು ಸಿಗ್ನಲ್ ಮಾಡಿ ಕಳಿಸುವ ಟ್ರಾನ್ಸ್‌ಮಿಟರ್‌ನಿಂದ ಪಿಎಲ್‌ಸಿಗೆ (ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್) ಒಂದು ಗೆರೆ ಎಳೆದರೆ ಸಾಕು, ಅಂತರರಾಷ್ಟ್ರೀಯ ಆಟೊಮೇಶನ್ ಸಂಘ ಐಎಸ್‌ಎ ಹೇಳುವುದೂ ಅದನ್ನೇ ಅಂತ. ತಪ್ಪು. ಒಂದು ಗೆರೆ ಸಾಕಾಗುವುದು ಪಿ ಅಂಡ್ ಐಡಿಗೆ, ಅಂದರೆ ಪ್ಲಾಂಟಿನ ಪೈಪು-ಉಪಕರಣಗಳ ನಕ್ಷೆಗೆ. ಲೂಪ್ ಡಯಾಗ್ರಾಮ್‌ಗೆಂದೇ ಇರುವ 1991ರ ಐಎಸ್‌ಎ 5.4 ಮಾನದಂಡ ಕೇಳುವ ಕನಿಷ್ಠ ವಿವರದಲ್ಲೇ ಟರ್ಮಿನಲ್, ಕೇಬಲ್, ಜಂಕ್ಷನ್ ಬಾಕ್ಸ್ ಗುರುತು, ಪವರ್ ಎಲ್ಲಿಂದ ಬರುತ್ತದೆ ಅನ್ನುವುದು ಎಲ್ಲ ಇದೆ. ರಾತ್ರಿ ಪಾಳಿಯಲ್ಲಿ ಟ್ರಾನ್ಸ್‌ಮಿಟರ್ ಕಳಿಸುವ 4-20 ಮಿಲಿಆಂಪ್ ಸಿಗ್ನಲ್ ಸತ್ತಾಗ ಮೀಟರ್ ಹಿಡಿದು ನಿಂತವನಿಗೆ ಬೇಕಾದ್ದು ಅದೇ ಅಲ್ವಾ? ಕೇಬಲ್ ಶೀಲ್ಡ್‌ನ (ಹೊರಗಿನ ವಿದ್ಯುತ್ ಅಡಚಣೆ ತಡೆಯುವ ಲೋಹದ ಹೊದಿಕೆ) ಯಾವ ತುದಿಗೆ ಅರ್ಥಿಂಗ್ ಕೊಟ್ಟಿದೆ ಅಂತಲೂ ತೋರಿಸಿ, ನಾನಂತೂ ಬಿಡುವುದಿಲ್ಲ. ಹಾಗಂತ ಟ್ರಾನ್ಸ್‌ಮಿಟರ್ ಒಳಗಿನ ಸರ್ಕ್ಯೂಟನ್ನೆಲ್ಲ ಸುಮ್ನೆ ತುಂಬಬೇಡಿ. ಮಾಡೆಲ್ ನಂಬರ್ ಹಾಕುವುದು ನಿಮ್ಮಿಷ್ಟ.